ಕಟ್ಟಿಗೆ ಪರಾತದಲ್ಲಿ ಕೂತ ಕಪ್ಪೆಮರಿಗಳು

ಕಾಲುವೆ ನೀರು ಬಂದ್ ಆದ ಮೇಲೆ ನಮ್ಮ ಹೊಲದ ಬದಿಯ ತಗ್ಗಿನಲ್ಲಿ ಗೊದಮೊಟ್ಟೆಗಳು ಒದ್ದಾಡುತ್ತಿದ್ದವು. ನೋಡಲಾಗದೆ ಕೊಡದಲ್ಲಿ ತುಂಬಿಕೊಂಡು ಮಸ್ಕಿಯ ಮನೆಗೆ ತಂದೆ. ಎಮ್ಮೆ ಮಾರಿದ ಮೇಲೆ ಹಿತ್ತಿಲ ಸಿಮೆಂಟ್ ತೊಟ್ಟಿ ಖಾಲಿ ಬಿದ್ದಿತ್ತು, ಅದರಲ್ಲಿ ಬಿಟ್ಟೆ. ನಮ್ಮತ್ತೆಗೆ ಮೈಯೆಲ್ಲ ಉರಿಯಿತು. ಹಾಲು ಕೊಡುವ ಎಮ್ಮೆ ಹೋಗಿ ವಟಗುಟ್ಟುವ ಕಪ್ಪೆ ಬಂತು ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ನಾನೂ ಏನು ಕಡಿಮೆ ಹಟದವಳಲ್ಲ. ಹೋದ ವರ್ಷ ತಂದವುಗಳಲ್ಲಿ ಒಂದೂ ಉಳಿದಿರಲಿಲ್ಲ. ಈ ಸಲ ಒಂದಾದರೂ ಕಪ್ಪೆಯಾಗಿ ಜಿಗಿದು ಹೋಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಬೇಯಿಸಿದ ಪಾಲಕ್ ಹಾಕಿ ಸಾಕಿದೆ. ಮೊದಲು ಹಿಂಗಾಲು ಮೂಡಿದವು, ಆಮೇಲೆ ಮುಂಗಾಲು. ಬಾಲ ಕರಗುವ ಆ ಹೊತ್ತಿನಲ್ಲಿ ಅವು ಏನನ್ನೂ ತಿನ್ನುವುದಿಲ್ಲ. ಹತ್ತಿ ಕೂರಲು ಜಾಗ ಸಿಗದಿದ್ದರೆ ತಾವು ಹುಟ್ಟಿದ ನೀರಿನಲ್ಲೇ ಮುಳುಗಿ ಸಾಯುತ್ತವೆ. ಅದಕ್ಕೇ ನೀರನ್ನು ಅರ್ಧಕ್ಕಿಳಿಸಿ ನಡುವೆ ಒಂದು ಕಲ್ಲು ಇಟ್ಟೆ.

ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಬಸುರಿ ತಂಗಿಯ ಕುಬಸದ ಕಾರ್ಯ ಬಂತು. ಊಟಕ್ಕೆ ಕೂತಾಗ ಪಕ್ಕದವರೊಬ್ಬರು, ಮಸ್ಕಿಯಲ್ಲಿ ಇವತ್ತು ನಳ ಬಂದಿದೆಯಂತೆ ಎಂದರು. ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ನಮ್ಮಲ್ಲಿ ನಳದಲ್ಲಿ ನೀರು ಬರುವುದೇ ಅಪರೂಪ. ಬಂದ ದಿನ ಚರಿಗೆ, ಲೋಟವನ್ನೂ ಬಿಡದೆ ತುಂಬಿಸುತ್ತೇವೆ. ಅರ್ಧ ತುಂಬಿದ ಪಾತ್ರೆ ಕಂಡರಂತೂ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸುತ್ತ ಬಂದೆ.

ಹಿತ್ತಿಲಿಗೆ ಓಡಿದರೆ ತೊಟ್ಟಿ ತುಳುಕುತ್ತಿತ್ತು, ಕಲ್ಲು ತಳದಲ್ಲಿತ್ತು. ನೀರಿನ ಮೇಲೆ ರೊಟ್ಟಿ ಹಿಟ್ಟು ನಾದುವ ಕಟ್ಟಿಗೆ ಪರಾತ ತೇಲುತ್ತಿತ್ತು. ಒಂದು ಅಂಚು ನೀರಿಗೆ ಬಾಗುವಂತೆ ಒಳಗೆ ಹೆಂಚಿನ ಚೂರು ಇಟ್ಟಿದ್ದರು. ಅದರ ತುಂಬ ಹೆಬ್ಬೆರಳಿನ ಉಗುರಿನಷ್ಟು ಕಪ್ಪೆಮರಿಗಳು, ಕೆಲವಕ್ಕೆ ಇನ್ನೂ ಮೋಟು ಬಾಲ. ಆ ಪರಾತ ಅತ್ತೆ ತವರಿನಿಂದ ತಂದದ್ದು, ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಅವರು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು.

"ಒಂದೆರಡು ಕೊಡ ನೀರು ತೆಗೆದು ಚೆಲ್ಲಿದ್ರ ಆಗ್ತಿತ್ತಲ್ಲರೀ, ಅತ್ತಿ," ಎಂದೆ.

"ನಳದ ನೀರು ಹೆಂಗ ಚೆಲ್ಲಲಿ ಯವ್ವಾ? ತೊಟ್ಟಿ ಗ್ವಾಡಿ ಕೆರಕೋತ ಮ್ಯಾಲ ಬರಾಕ ಒದ್ದಾಡಾಕತ್ತಿದ್ದವು. ಮುಳುಗಿಸಿದಾಕಿ ನಾನ, ಕುಂದ್ರಾಕ ಜಾಗಾನೂ ನಾನ ಕೊಡಬೇಕಲ್ಲ."

ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತೇಹೋಯಿತು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಪರಾತ ಖಾಲಿಯಾಗುವವರೆಗೆ ಮನೆಯಲ್ಲಿ ರೊಟ್ಟಿ ಇಲ್ಲ. ಮೂರು ಹೊತ್ತೂ ಅನ್ನ ಉಂಡು ನನ್ನ ಗಂಡ ಗೊಣಗಿದರು. ಒಂದೊಂದೇ ಮರಿ ಬಾಲ ಕರಗಿಸಿಕೊಂಡು ಅಂಚಿನಿಂದ ಜಿಗಿದು ಬೇವಿನ ಬುಡದ ಹಸಿಮಣ್ಣಿಗೆ ಹೋಯಿತು. ನಾವಿಬ್ಬರೂ ಕೂತು ನೋಡಿದೆವು.

ಮುಂದಿನ ಸಲ ನಳ ಬಂದಾಗ ಅತ್ತೆ ಎಂದಿನಂತೆ ಲೋಟವನ್ನೂ ಬಿಡದೆ ತುಂಬಿಸಿದರು. ಕಪ್ಪೆಯೇ ಇಲ್ಲದ ತೊಟ್ಟಿಗೆ ಮಾತ್ರ ಅರ್ಧ ನೀರು ಬಿಟ್ಟು, ಕಲ್ಲನ್ನು ಎತ್ತಿ ನಡುವೆ ಇಟ್ಟರು.