ಬಾಗಿಲಾಚೆ ಬಿಟ್ಟ ಬೂಟು

ಸಂಜೆ ಆರಾಗುವ ಹೊತ್ತಿಗೆ ಕಂಟ್ರೋಲ್ ರೂಮಿನ ಬಾಗಿಲಾಚೆ ಒಂದು ಜೊತೆ ಕಪ್ಪು ಬೂಟು ಕಂಡರೆ, ಒಳಗೆ ಪಾಟೀಲರು ಬರಿಗಾಲಲ್ಲಿ ಕೂತಿದ್ದಾರೆಂದು ಇಡೀ ಸ್ಟೇಷನ್ನಿಗೆ ತಿಳಿಯುತ್ತಿತ್ತು. ಸ್ಯಾನ್ ಡಿಯಾಗೋದ ಆ ಪುಟ್ಟ ಸ್ಪ್ಯಾನಿಷ್ ಚಾನೆಲ್ಲಿನಲ್ಲಿ ಕನ್ನಡದವರು ನಾವಿಬ್ಬರೇ. ಧಾರವಾಡದ ಪಾಟೀಲರು ಎಂಜಿನಿಯರ್, ಬೆಂಗಳೂರಿನ ನಾನು ಟೇಪುಗಳನ್ನು ನೋಡಿಕೊಳ್ಳುವವಳು. ನಾನು ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದೆ. ಅವರಿಗೆ ಅಷ್ಟು ವರ್ಷ ಅಲ್ಲೇ ದುಡಿದೂ 'ಗ್ರಾಸಿಯಾಸ್' ಎಂಬ ಥ್ಯಾಂಕ್ಸ್ ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ.

ಆರು ಗಂಟೆಗೆ ನಮ್ಮಲ್ಲಿ ಐದು ನಿಮಿಷದ ಕಾರ್ಯಕ್ರಮವೊಂದಿತ್ತು. ಗಡಿ ದಾಟಿ ಬಂದು ಕಾಣೆಯಾದವರ ಮನೆಯವರು ಫೋಟೊ ಹಿಡಿದು, ಯಾರಾದರೂ ಸುದ್ದಿ ತಿಳಿಸಿ ಎಂದು ಬೇಡಿಕೊಳ್ಳುತ್ತಿದ್ದರು. ಆ ಐದು ನಿಮಿಷಕ್ಕಾಗಿಯೇ ಪಾಟೀಲರು ಬೂಟು ಬಿಚ್ಚುತ್ತಿದ್ದರು.

"ಇದೇನು ದೇವರ ಮನೇನಾ ಸರ್?" ಎಂದು ಒಮ್ಮೆ ಛೇಡಿಸಿದ್ದೆ.

"ತಾಯಿ ಅಳೋ ಮುಂದ ಬೂಟುಗಾಲಿಲೆ ಹ್ಯಾಂಗ ಕೂಡ್ಲಿ, ತಂಗಿ? ಭಾಳ ಮಾತಾಡಬ್ಯಾಡ, ಟೇಪ್ ಕೊಡು."

ಮಹಾ ಸಿಡುಕಿನ ಮನುಷ್ಯ. ಚಹಾ ತಣ್ಣಗಿದ್ದರೂ ರೇಗುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ದನಿ ಎತ್ತುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮಾಲೀಕರೂ ಲಾಸ್ ಏಂಜಲೀಸಿನ ಇನ್ನೊಂದು ಕಂಪನಿಯವರೂ ಪಾಲುದಾರರಾಗಿ ಒಂದು ನೆಟ್‌ವರ್ಕ್ ಕಟ್ಟಿದರು. ಲಾಸ್ ಏಂಜಲೀಸಿನ ಪಕ್ಕದ ಗ್ಲೆಂಡೇಲಿನಲ್ಲಿ ಹೊಸ ಆಫೀಸು, ಕೇಕು, ಫೋಟೊ. ಇನ್ನು ಎಲ್ಲ ಊರಿಗೂ ಅಲ್ಲಿಂದಲೇ ಒಂದೇ ಕಾರ್ಯಕ್ರಮ. ಆರು ಗಂಟೆಗೆ ಬಹುಮಾನದ ಆಟ ಬಂತು, ನಮ್ಮ ಐದು ನಿಮಿಷ ಹೋಯಿತು.

ಆ ವಾರವೇ ದೋನ್ಯಾ ಎಲೇನಾ ಎಂಬ ಮುದುಕಿಯ ಸರದಿ ಇತ್ತು. ಮಗ ರಾಮೋನ್ ಕಾಣೆಯಾದಂದಿನಿಂದ ಆಕೆ ಪ್ರತಿ ಶುಕ್ರವಾರ ಬಸ್ಸಿನಲ್ಲಿ ಬಂದು, ಯಾರಾದರೂ ಫೋನ್ ಮಾಡಿದರಾ ಎಂದು ಕೇಳಿ, ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು. ಹಿಂದೊಮ್ಮೆ ಬೇಡಿಕೊಂಡಾಗ ಕೈಯಲ್ಲಿ ಫೋಟೊ ಇರಲಿಲ್ಲ. ಈಗ ಊರಿಂದ ತರಿಸಿದ್ದಳು, ಟೇಪೂ ಆಗಿತ್ತು. ಈ ಶುಕ್ರವಾರ ಖಂಡಿತ ಬರುತ್ತದೆ ಎಂದು ಪಾಟೀಲರು ನನ್ನ ಬಾಯಿಂದಲೇ ಹೇಳಿಸಿದ್ದರು.

ಇದೊಂದು ಸಲ ಬಿಡಿ ಎಂದು ಗ್ಲೆಂಡೇಲಿಗೆ ಫೋನ್ ಮಾಡಿ ಕೇಳಿದರು. ಆಗುವುದಿಲ್ಲ ಅಂದರು. ಶುಕ್ರವಾರ ಬಾಗಿಲಾಚೆ ಮತ್ತೆ ಬೂಟು ಕಂಡಾಗ ನಾನು ಒಳಗೆ ಓಡಿದೆ.

"ಕೆಲಸ ಹೋಗುತ್ತೆ ಸರ್."

"ಹೋಗ್ಲಿ. ಮಾತು ಕೊಟ್ಟೀನಿ."

ಬಹುಮಾನದ ಆಟ ನಿಂತು, ಪರದೆಯ ಮೇಲೆ ಫೋಟೊ ಹಿಡಿದ ಮುದುಕಿ ಬಂದಳು.

ಕೆಲಸ ಸೋಮವಾರ ಹೋಯಿತು. ಆದರೆ ಟೇಪ್ ಮುಗಿದು ಸ್ವಲ್ಪ ಹೊತ್ತಿಗೇ ಫೋನ್ ಬಂದಿತ್ತು. ಎತ್ತಿದವಳು ನಾನು. ಮಾತಾಡಿದವನು ತೋಟದ ಕೂಲಿ. ರಾಮೋನ್ ತನ್ನ ಜೊತೆಗೇ ಗಡಿ ದಾಟಿದ್ದ, ಕಾಲುವೆಯಲ್ಲಿ ಮುಳುಗಿ ಸತ್ತ, ಕಣ್ಣಾರೆ ಕಂಡೆ, ಹಿಡಿದು ವಾಪಸ್ ಕಳಿಸಿಯಾರೆಂಬ ಭಯಕ್ಕೆ ಬಾಯಿ ಬಿಡಲಿಲ್ಲ ಎಂದ. ಮರುದಿನ, ಶನಿವಾರ, ನಾವಿಬ್ಬರೂ ಆಕೆಯ ಮನೆಗೆ ಹೋದೆವು. ನಾನೇ ಹೇಳಿದೆ. ಆಕೆ ಅಳಲಿಲ್ಲ. ಹೊರಡುವಾಗ ಪಾಟೀಲರ ಕೈ ಹಿಡಿದು ಮೆಲ್ಲಗೆ ಏನೋ ಅಂದಳು.

ಪಾಟೀಲರನ್ನು ಕೊನೆಯ ಸಲ ನೋಡಿದ್ದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ, ಅವರ ಮನೆಯಲ್ಲಿ. ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದಿದ್ದರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ಕೊಟ್ಟ ಚಹಾ ಆರಿ ತಣ್ಣಗಾದರೂ ರೇಗಲಿಲ್ಲ. ಅದನ್ನು ಕಂಡು ನನಗೆ ಸಂಕಟವಾಯಿತು.

"ಹುಡುಕೋತನಕ ಅಕಿಗೆ ಮಗ ಇದ್ದ, ತಂಗಿ. ನಾ ಟೇಪ್ ಹಾಕಿದೆ, ಸತ್ತ."

"ಹಾಗನ್ನಬೇಡಿ ಸರ್. ಆಕೆಗೆ ಗೊತ್ತಾಗಬೇಕಿತ್ತಲ್ಲ."

"ಅವತ್ತ ನನ್ನ ಕೈ ಹಿಡದು ಏನಂದಳು?"

"ಥ್ಯಾಂಕ್ಸ್ ಅಂದ್ರು ಸರ್."

"ಗ್ರಾಸಿಯಾಸ್ ನನಗೂ ತಿಳೀತದವಾ. ಅಕಿ ಅದನ್ನ ಅನ್ನಲಿಲ್ಲ."

ಮುಚ್ಚಿಡಲು ಆಗಲಿಲ್ಲ. "ಇನ್ನು ಶುಕ್ರವಾರ ನಾನು ಎಲ್ಲಿಗೆ ಹೋಗಲಿ, ಅಂದ್ರು."

ಅವರು ತಲೆಯಾಡಿಸಿದರು. ಕಾರಿನವರೆಗೂ ಬಂದು, ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲೇ ನಿಂತು ನನ್ನನ್ನು ಕಳಿಸಿಕೊಟ್ಟರು. ಅದಾಗಿ ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು. ಅದೂ ಒಂದು ಶುಕ್ರವಾರವೇ ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದರು.