ದೊರೆಸಾನಿಯ ಹಣೆ

ನಿವೃತ್ತನಾದ ಮನುಷ್ಯನಿಗೆ ಕೊನೆಯಲ್ಲಿ ಉಳಿಯುವುದು ಅವನ ಜ್ಞಾನ ಮತ್ತು ಮರ್ಯಾದೆ. ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಒಂದು ಉಗುರೂ ಉಳಿದಿತ್ತು. ಬಲಗೈ ತೋರುಬೆರಳಿನದು, ದಪ್ಪ, ಹಳದಿ, ಬೇಕೆಂದೇ ಬಿಟ್ಟದ್ದು. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಮುಂದಿನ ಗಾಜು ಪರೀಕ್ಷಿಸುವ ಎಂಜಿನಿಯರಾಗಿದ್ದವರು, ಕಂಡ ಗಾಜನ್ನೆಲ್ಲ ಅದರಿಂದ ಟಕ್ ಎಂದು ತಟ್ಟಿ ಕಿವಿಗೊಡುತ್ತಿದ್ದರು. ನಮ್ಮ ಮನೆಗೆ ಊಟಕ್ಕೆ ಬಂದರೆ ಮಜ್ಜಿಗೆಯ ಗ್ಲಾಸಿಗೂ ವಿನಾಯಿತಿ ಇರಲಿಲ್ಲ.

ಅವರ ಹಾಲಿನ ಗೋಡೆಯ ಮೇಲೆ ಒಬ್ಬ ದೊರೆಸಾನಿ ಇದ್ದಳು. ನೀಲಿ ಗೌನು, ತೋಳಲ್ಲಿ ಕುರಿಮರಿ, ಹಿಂದೆ ಮಾತ್ರ ಚೀನಾದ ಗುಡ್ಡಗಳು. ಹಿಂದೆಂದೋ ಅಲ್ಲಿನ ಕ್ಯಾಂಟನ್ ಬಂದರಿನ ಚಿತ್ರಕಾರನೊಬ್ಬ ಯುರೋಪಿನ ಗಿರಾಕಿಗಾಗಿ ಗಾಜಿನ ಹಿಂಬದಿಗೆ ಬರೆದದ್ದು. ಮೊದಲು ಕಣ್ಣಿನ ಹೊಳಪು, ಆಮೇಲೆ ಕಣ್ಣು, ಕೆನ್ನೆ, ಕಟ್ಟಕಡೆಗೆ ಆಕಾಶ, ಎಲ್ಲವೂ ಹಿಂದುಮುಂದು.

"ಅವನು ದೊರೆಸಾನೀನ ಕಣ್ಣಲ್ಲೂ ಕಂಡಿರಲಿಲ್ಲ ಕಣಯ್ಯ. ಹಡಗಿನೋರು ಕೊಟ್ಟ ಪ್ರಿಂಟ್ ನೋಡ್ಕೊಂಡು ಬರೆದ. ನಾನೂ ಅಷ್ಟೇ. ಯಾರೋ ಕೊಟ್ಟ ಡ್ರಾಯಿಂಗು, ಯಾರದೋ ಕಾರು," ಎನ್ನುತ್ತಿದ್ದರು ಅಂಕಲ್.

ತೀರಿಕೊಂಡವರ ಮನೆಸಾಮಾನು ಮಾರುವ ಎಸ್ಟೇಟ್ ಸೇಲಿನಿಂದ ಅದನ್ನು ತಂದ ದಿನ ಆಂಟಿ ಬಾಗಿಲಲ್ಲೇ ತಡೆದು ದೊರೆಸಾನಿಯ ಹಣೆಗೆ ಕುಂಕುಮ ಇಟ್ಟರಂತೆ. "ಮನೆಗೆ ಬಂದ ಹೆಂಗಸನ್ನ ಹಾಗೇ ಒಳಗೆ ಕರ್ಕೋತಾರೇನ್ರೀ?" ಬಣ್ಣ ಗಾಜಿನ ಆಚೆ, ಕುಂಕುಮ ಈಚೆ, ಕಲೆಗೆ ಹಾನಿಯಾಗಲಿಲ್ಲ. ಮರುವರ್ಷ ಆಂಟಿ ತೀರಿಕೊಂಡರು. ಆಮೇಲೆ ಆ ಗಾಜನ್ನು ಯಾರೂ ಒರೆಸಲಿಲ್ಲ. ಅಂಕಲ್‌ರ ಉಗುರೂ ಅದರ ತಂಟೆಗೆ ಹೋಗಲಿಲ್ಲ.

೨೦೦೩ರ ಜನವರಿಯಲ್ಲಿ ದೊರೆಸಾನಿಯ ಮುಖದ ಬಣ್ಣ ಗಾಜು ಬಿಟ್ಟು ಏಳತೊಡಗಿತು. ಷಿಕಾಗೋದಲ್ಲಿ ಇಂಥ ಚಿತ್ರ ಸರಿಪಡಿಸುವಾಕೆ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದಳು: ಬೋರಲು ಮಲಗಿಸಿ ತನ್ನಿ, ಎದ್ದ ಬಣ್ಣ ಗಾಜಿನ ಮೇಲೇ ಕೂತಿರುತ್ತದೆ, ನಿಲ್ಲಿಸಿದರೆ ಉದುರುತ್ತದೆ. ಬೋರಲು ಮಲಗಿಸಿದರೆ ಕುಂಕುಮದ ಗತಿ? ಅಂಕಲ್ ಕೆಲವು ದಿನ ಫೋಮು ಅಳೆದರು, ಕತ್ತರಿಸಿದರು. ಕಡೆಗೆ ಅಂಚುಗಳನ್ನು ಮಾತ್ರ ಹಿಡಿಯುವ ಫೋಮಿನ ಚೌಕಟ್ಟು ಮಾಡಿದರು. ಹಣೆ ಯಾವುದಕ್ಕೂ ತಾಗುತ್ತಿರಲಿಲ್ಲ.

ಮಿನಿವ್ಯಾನು ನನ್ನದು, ಡ್ರೈವಿಂಗೂ ನನ್ನದೇ. ಹಿಂದಿನ ಸೀಟಿನಲ್ಲಿ ಅಂಕಲ್. ಅವರ ತೊಡೆಯ ಮೇಲೆ ದೊರೆಸಾನಿ.

"ಎಷ್ಟು ಸ್ಪೀಡು?"

"ಐವತ್ತು, ಅಂಕಲ್. ಹಿಂದಿನೋರು ಹಾರ್ನ್ ಹೊಡೀತಿದಾರೆ."

"ಹೊಡೀಲಿ. ಅವರ ತೊಡೆ ಮೇಲೆ ಯಾರೂ ಮಲಗಿಲ್ಲ."

ಅರ್ಧ ದಾರಿಯ ಕಲಮಜೂ ದಾಟಿದ ಮೇಲೆ ಹಿಮ ಶುರುವಾಯಿತು. ಮುಂದಿನ ಟ್ರಕ್ಕು ಅಡ್ಡಕ್ಕೆ ಜಾರಿತು. ಬ್ರೇಕ್ ತುಳಿದೆ, ವ್ಯಾನು ಓಲಾಡಿ ರಸ್ತೆಯಂಚಿನಲ್ಲಿ ನಿಂತಿತು. ಹಿಂದಕ್ಕೆ ತಿರುಗಿದೆ.

"ಅಂಕಲ್?"

"ಫೋಮ್ ಕಿತ್ಕೊಂಡು ಬಂತು."

ಗಾಜಿನ ಎರಡೂ ಅಂಚನ್ನು ಬೆರಳ ತುದಿಗಳಲ್ಲಿ ಎತ್ತಿ ಹಿಡಿದಿದ್ದರು, ತೊಡೆಗೆ ತಾಗದ ಹಾಗೆ.

"ಒಂಚೂರು ತಿರುಗಿಸಿ ನೋಡೋಣ್ವಾ?"

"ನೋಡಕ್ಕೆ ಹೋದ್ರೆ ಇರೋದೂ ಉದುರತ್ತೆ. ನಡಿ."

ಮುಖ ಇದೆಯೋ ಇಲ್ಲವೋ ತಿಳಿಯದೆ ಇಂಡಿಯಾನಾ ದಾಟಿದೆವು. ಅವರು ಇನ್ನೂ ಗಾಜನ್ನು ಎತ್ತಿ ಹಿಡಿದೇ ಇರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಕನ್ನಡಿ ಮೇಲಕ್ಕೆ ತಿರುಗಿಸಿದೆ.

ಷಿಕಾಗೋದಾಕೆ ಚಿತ್ರವನ್ನು ನಡುವೆ ತೆರಪಿರುವ ಸ್ಟ್ಯಾಂಡಿನ ಮೇಲೆ ಹಾಗೇ ಬೋರಲಾಗಿ ಇರಿಸಿದಳು. ಮುಖ ನೋಡಬೇಕಾದರೆ ನೆಲಕ್ಕೆ ಅಂಗಾತ ಮಲಗಬೇಕು. ಅಂಕಲ್ ಗೋಡೆಯ ಕಡೆ ತಿರುಗಿ ನಿಂತರು. "ನೀನೇ ನೋಡು. ನನಗೆ ಮಂಡಿ."

ಮಂಡಿಯ ತೊಂದರೆಯನ್ನು ಅವರು ಹೇಳಿದ್ದು ಅದೇ ಮೊದಲು. ಮಲಗಿ ನೋಡಿದೆ.

"ಎಡಗೆನ್ನೆ ಹೋಗಿದೆ, ಅಂಕಲ್."

"ಅದನ್ನ ಇನ್ನೊಬ್ರು ಬರೀಬಹುದು. ಹಣೆ ಹೇಳು."

"ಇದೆ."

ಆಕೆ ಬಗ್ಗಿ, ಮುಂದುಗಡೆಯ ಕೆಂಪು ಕೊಳೆಯನ್ನೂ ತೆಗೆಯಲೇ ಎಂದು ಕೇಳಿದಳು. ಅಂಕಲ್ ಗೋಡೆಯಿಂದ ತಿರುಗಿ, ಆಕೆಯ ಮೇಜನ್ನು ಉಗುರಿನಿಂದ ಟಕ್ ಎಂದು ತಟ್ಟಿ, "ನೋ" ಎಂದರು. ಅಷ್ಟು ಚಿಕ್ಕ ಇಂಗ್ಲಿಷನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಮೂರು ವರ್ಷದ ಮೇಲೆ ಅಂಕಲ್ ಹೋದರು. ದೊರೆಸಾನಿಯನ್ನು ನಮಗೆ ಬಿಟ್ಟಿದ್ದರು. ಈಗ ನಮ್ಮ ಹಾಲಿನಲ್ಲಿದ್ದಾಳೆ. ಎಡಗೆನ್ನೆ ಹೊಸದು. ಹಣೆ ಒರೆಸಿಲ್ಲ.