ಶಮೀಮ್ ಆಪಾ ಮತ್ತು ಮೀನಿನ ಕಿವಿಮೂಳೆ

ನಗು ಬಂತೆಂದರೆ ಶಮೀಮ್ ಆಪಾ ಮೊದಲು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಡುತ್ತಿದ್ದರು. ಅವರು ನಕ್ಕರೆ ಭುಜ, ಹೊಟ್ಟೆ, ಕೂತ ಮಣೆ ಎಲ್ಲವೂ ಕುಣಿಯುತ್ತಿದ್ದವು. ಎದುರಿಗೆ ನಿಂತ ಗಿರಾಕಿಗಳ ಕ್ಷೇಮವನ್ನೂ ನೋಡಬೇಕಲ್ಲ!

ಕೋಲಾರದಲ್ಲಿ ಅವರದು ಪುಟ್ಟ ಮೀನಿನಂಗಡಿ. ಪಿಎಚ್‌ಡಿ ಮಾಡುತ್ತಿದ್ದ ನಾನು ಮೊದಲ ದಿನ ಹೋಗಿ, "ಜಿಲೇಬಿ ಮೀನಿನ ತಲೆ ಬೇಕು, ಮೈ ಬೇಡ" ಎಂದೆ. ಕತ್ತಿ ಕೆಳಗಿಳಿಯಿತು.

"ತಲೆ ತಗೊಂಡೋಗಿ ಏನ್ ಮಾಡ್ತೀಯೇ ಬೇಟಿ?"

ಮೀನಿನ ಕಿವಿಯೊಳಗೆ ಅಕ್ಕಿನುಚ್ಚಿನಂಥ ಬಿಳಿ ಮೂಳೆಯಿರುತ್ತದೆ, ಬೇರೆ ಬೇರೆ ಕೆರೆಯಲ್ಲಿ ಬೆಳೆದ ಮೀನುಗಳಿಗೆ ಅದರ ಅಂಚಿನ ಆಕಾರವೂ ಬೇರೆಯಾಗುತ್ತದೆಯೇ ಎಂದು ನೋಡಬೇಕು ಎಂದೆ.

"ಮೀನಿಗೆ ಕಿವಿ ಐತಾ! ಅದಕ್ಕೇ ನಾನ್ ಬೈತಾ ಇದ್ರೆ ಹಂಗ್ ಬಾಯ್ ಬಿಟ್ಕೊಂಡು ನೋಡ್ತಾವೆ!"

ಒಂದು ಮೂಳೆ ತೆಗೆಯಲು ನನಗೆ ಹತ್ತು ನಿಮಿಷ ಬೇಕಿತ್ತು, ಅದೂ ಅರ್ಧ ಮುರಿದು. ಎರಡೇ ವಾರದಲ್ಲಿ ಆಪಾ ಕತ್ತಿಯ ತುದಿಯಿಂದ ಎರಡೂ ಕಿವಿಯದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಎಬ್ಬಿಸತೊಡಗಿದರು. ಸುಗಟೂರು ಕೆರೆಯ ಮೀನಿನದು ಕೆಂಪು ಡಬ್ಬಿಗೆ, ಕ್ಯಾಲನೂರು ಕೆರೆಯದು ನೀಲಿ ಡಬ್ಬಿಗೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಒಯ್ಯುವುದಷ್ಟೇ ನನ್ನ ಕೆಲಸವಾಯಿತು.

ಕೊನೆಗೆ ಎಲ್ಲ ಮೂಳೆಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಎರಡು ಕೆರೆಯ ಮೀನು ಮೂರು ಗುಂಪಾಯಿತು! "ಎಲ್ಲೋ ತಪ್ಪಿದ್ದೀಯ. ಮೊದಲಿಂದ ಮಾಡು" ಎಂದರು ನನ್ನ ಗೈಡು. ಎರಡು ವರ್ಷದ ದುಡಿಮೆ. ಅಳುತ್ತಲೇ ಆಪಾ ಅಂಗಡಿಗೆ ಹೋಗಿ ಕೂತೆ.

ಕೇಳಿದ್ದೇ ಆಪಾ ಮುಖ ಬಾಡಿತು. "ಯಾ ಅಲ್ಲಾ! ಮಧ್ಯದಲ್ಲಿ ಸುಗಟೂರು ಮೀನು ಬರ್ಲಿಲ್ಲ ಕಣೇ. ಬರಿಗೈಲಿ ಹೋಗ್ತೀಯಲ್ಲಾಂತ ಮುಳಬಾಗಲ ಕಡೇದು ಕೆಂಪು ಡಬ್ಬಿಗೆ ಹಾಕ್ಬಿಟ್ಟೆ. ಮೂಳೆ ಮೇಲೇನು ಊರ ಹೆಸರು ಬರ್ದಿರ್ತದಾ ಅಂದ್ಕೊಂಡೆ."

ಒಂದು ಕ್ಷಣ ಕೋಪ ಬಂತು. ಮರುಕ್ಷಣವೇ ಎದ್ದು ಕುಣಿದೆ. "ಬರ್ದಿದೆ ಆಪಾ, ಬರ್ದಿದೆ!" ಮೀನಿನ ಹುರುಪೆಯ ಮೇಲೆ ಕಾಲು ಜಾರಿ ಬಿದ್ದೆ. ಎಬ್ಬಿಸಲು ಬಂದ ಆಪಾ ನನ್ನ ಮೇಲೆಯೇ ಬಿದ್ದರು. ಇಬ್ಬರಿಗೂ ಏಳಲಾಗದಷ್ಟು ನಗು. ಮುಳಬಾಗಿಲಿನಿಂದ ಹೊಸದಾಗಿ ಮೀನು ತಂದು ನೋಡಿದೆ. ಅವುಗಳ ಮೂಳೆಗಳೆಲ್ಲ ಹೋಗಿ ಆ ಮೂರನೆಯ ಗುಂಪಿನಲ್ಲೇ ಕೂತವು.

ನನ್ನ ಮೌಖಿಕ ಪರೀಕ್ಷೆಗೆ ಆಪಾ ಅತ್ತರು ಹಚ್ಚಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. "ಬೇರೆ ಊರಿನ ಮೂಳೆ ಬೆರೆತಿದೆ ಅಂತ ಹೇಗೆ ಗೊತ್ತಾಯಿತು?" ಎಂದರು ಪರೀಕ್ಷಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು: "ಬೆರೆಸ್ದೋಳೇ ನಾನು ಸಾರ್!" ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆಮೇಲೆ ಮಂಡಿನೋವು ಹೆಚ್ಚಾಗಿ ಆಪಾ ಅಂಗಡಿ ಬಿಟ್ಟು ಮಾಲೂರಿನ ಮಗಳ ಮನೆ ಸೇರಿದರು. ನೋಡಲು ಹೋದಾಗ ಅಕ್ಕಪಕ್ಕದವರನ್ನೆಲ್ಲ ಕರೆದು, "ಇವಳೂ ನಾನೂ ಒಟ್ಟಿಗೇ ಓದಿದ್ದು" ಎಂದು ಪರಿಚಯಿಸಿದರು. ಸರಿಪಡಿಸಲು ನನಗೂ ಮನಸ್ಸಾಗಲಿಲ್ಲ.

ಈ ವರ್ಷ ಹೋಗುವಷ್ಟರಲ್ಲಿ ಆಪಾ ತೀರಿಕೊಂಡಿದ್ದರು. ಮಗಳು ಟೀ ತರಲು ಒಳಗೆ ಹೋದಾಗ ಪಕ್ಕದ ಮನೆಯಾಕೆ ಬಂದು ನನ್ನನ್ನೇ ನೋಡಿ, "ನೀವು ಆಪಾ ಜೊತೆ ಓದಿದೋರಲ್ವಾ?" ಎಂದರು.

"ಹೌದು" ಎಂದೆ. "ಅವರೇ ಮುಂದಿದ್ದರು."